ಗೆಲಾಕ್ಸಿಗಳ ಸಂಘಟ್ಟನೆಯೂ ನಕ್ಷತ್ರಗಳ ಜನನವೂ



ಇರುಳಿನಲ್ಲಿ ನಾವು ಕಾಣುವ ಆಕಾಶಗಂಗೆಯು ಹತ್ತು ಸಾವಿರ ಕೋಟಿಗೂ ಮಿಕ್ಕ ನಕ್ಷತ್ರಗಳ ಮಹಾಸಮೂಹವು. ಇಂತಹ ಸಮೂಹಕ್ಕೆ ಗೆಲಾಕ್ಸಿಯೆಂದು ಹೆಸರು. ಗೆಲಾಕ್ಸಿಗಳು ಪರಸ್ಪರ ಸಮೀಪಿಸಿ ಸೆಳೆದಾಡುವುದೂ, ಕೆಲವೊಮ್ಮೆ ಎರಡು ಬೆರೆತು ಒಂದಾಗುವುದೂ ಉಂಟು. ಹೊಸ ನಕ್ಷತ್ರಗಳು ಹುಟ್ಟುವುದಕ್ಕೆ ಈ ಸಂಘಟ್ಟನೆಯೇ ಕಾರಣವೆಂದು ನಾನು ಹಿಂದೊಮ್ಮೆ ಪಾಠಶಾಲೆಯ ವಿದ್ಯಾರ್ಥಿಗಳಿಗೆ ಹೇಳಿದ್ದೆನು. ಆ ಮಾತನ್ನು ಇಂದು ನಿಮ್ಮೆಲ್ಲರ ಸಮಕ್ಷಮದಲ್ಲಿ ತಿದ್ದಿಕೊಳ್ಳಬೇಕಾಗಿದೆ.

ಮೊದಲು ದೃಷ್ಟಾಂತವನ್ನು ನೋಡುವ. ವಿಲಿಯಂ ಹರ್ಷಲನು 1785ರಲ್ಲಿ ಕಂಡ ಒಂದು ಜೋಡಿ ಗೆಲಾಕ್ಸಿಗಳಿಂದ ಕೀಟದ ಮೀಸೆಗಳಂತೆ ಎರಡು ನೀಳವಾದ ಬಾಲಗಳು ಹೊರಚಾಚಿವೆ. ಆದುದರಿಂದ ಅವುಗಳಿಗೆ ‘ಆಂಟೆನಾ’ ಎಂಬ ಹೆಸರು ಬಂದಿತು. ಪರಸ್ಪರ ಆಕರ್ಷಣೆಯಿಂದಲೇ ಇಂತಹ ಬಾಲಗಳು ಉಂಟಾಗುವುವೆಂದು ತೂಮ್ರೆ ಸಹೋದರರು 1972ರಲ್ಲಿ ಗಣಕಯಂತ್ರದ ಸಹಾಯದಿಂದ ತೋರಿಸಿಕೊಟ್ಟರು.

ಇಲ್ಲಿ ನಕ್ಷತ್ರಕ್ಕೆ ನಕ್ಷತ್ರವು ತಾಗುವುದೆಂದು ತಿಳಿಯಬಾರದು. ಅವುಗಳ ನಡುವಣ ಅಂತರವು ಅಷ್ಟು ದೊಡ್ಡದು. ತಾಗುವುವು ಅನಿಲದ ಮೇಘಗಳು. ಅವು ಒತ್ತಲ್ಪಟ್ಟು, ಸ್ವಂತ ಭಾರದಿಂದ ಕುಸಿದು, ನಕ್ಷತ್ರಗಳಾಗುವುವು. ಆಂಟೆನಾದಲ್ಲಿ ಇಂತಹ ಎಳೆಯ ನಕ್ಷತ್ರಗುಚ್ಛಗಳು ಸಾವಿರಕ್ಕೂ ಹೆಚ್ಚಾಗಿ ಕಂಡಿವೆ. ಅನಿಲದ ಒಂದು ಭಾಗವು ತನ್ನ ಪರಿಭ್ರಮಣದ ವೇಗವನ್ನು ಕಳೆದುಕೊಂಡು ಕೇಂದ್ರಕ್ಕೆ ಇಳಿಯುವುದು. ಅಲ್ಲಿ ಮಹಾಭಾರದ ಕಪ್ಪುರಂಧ್ರವಿರುವುದು. ಅದರ ಸುತ್ತ ಸುಳಿಯುವ ಅನಿಲವು ಕಾದು ಪ್ರಜ್ವಲಿಸಿದಾಗ ಅದನ್ನು ಸಕ್ರಿಯ ಕೇಂದ್ರವೆನ್ನುವರು. ಎನ್‌ಜಿಸಿ 6240 ಎಂಬ ಬೆರೆಯುತ್ತಿರುವ ಗೆಲಾಕ್ಸಿಯಲ್ಲಿ ಇಂತಹ ಎರಡು ಕೇಂದ್ರಗಳಿರುವುದನ್ನು ಚಂದ್ರ ದೂರದರ್ಶಕವು 2002ರಲ್ಲಿ ತೋರಿಸಿತು.

ಆದರೆ ಕಾರ್ಯಕಾರಣ ಸಂಬಂಧವನ್ನು ಅನ್ವಯ ವ್ಯತಿರೇಕಗಳೆರಡರಿಂದಲೂ ಪರೀಕ್ಷಿಸಬೇಕು. ಒಂದು ಇದ್ದಲ್ಲಿ ಮತ್ತೊಂದು ಇರುವುದು ಅನ್ವಯ. ಅದಿಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. 1983ರಲ್ಲಿ ಆಕಾಶಕ್ಕೇರಿದ ಐರಾಸ್ ಉಪಗ್ರಹವು ಅವಕೆಂಪು ಕಿರಣಗಳಲ್ಲಿ ಲಕ್ಷ ಕೋಟಿ ಸೂರ್ಯರಷ್ಟು ಬೆಳಗುವ ಗೆಲಾಕ್ಸಿಗಳನ್ನು ತೋರಿಸಿತು. ನಮ್ಮ ನೆರೆಯಲ್ಲಿರುವ ಅಂತಹವುಗಳಲ್ಲಿ ಬಹುತೇಕ ಎಲ್ಲವೂ ಬೆರೆಯುತ್ತಿರುವುವೇ. ಅನ್ವಯವು ಸಿದ್ಧಿಸಿತು. ವ್ಯತಿರೇಕವು ಸಿದ್ಧಿಸುವುದಿಲ್ಲ. ನಮ್ಮ ಆಕಾಶಗಂಗೆಯಲ್ಲಿ ಇಂದು ಅಂತಹ ಮಹಾಸಂಘಟ್ಟನೆಯಿಲ್ಲ. ಆದರೂ ಪ್ರತಿವರ್ಷವೂ ಒಂದೆರಡು ಸೂರ್ಯರಷ್ಟು ದ್ರವ್ಯವು ನಕ್ಷತ್ರರೂಪವನ್ನು ತಾಳುತ್ತಿದೆ. ಸಕ್ರಿಯ ಕೇಂದ್ರಗಳುಳ್ಳ ಗೆಲಾಕ್ಸಿಗಳಲ್ಲಿಯೂ ಹೆಚ್ಚಿನವು ಯಾವ ಸಂಘಟ್ಟನೆಯ ಗುರುತನ್ನೂ ತೋರುವುದಿಲ್ಲವೆಂದು ಹಬಲ್ ದೂರದರ್ಶಕದ ಚಿತ್ರಗಳನ್ನು ಪರಿಶೀಲಿಸಿದವರು 2011ರಲ್ಲಿ ಪ್ರಕಟಿಸಿದರು. ಅನಿಲವಿಲ್ಲದ ಎರಡು ಗೆಲಾಕ್ಸಿಗಳು ಬೆರೆತರೂ ಹೊಸ ನಕ್ಷತ್ರಗಳು ಹುಟ್ಟುವುದು ಅತ್ಯಲ್ಪ.

ಆದುದರಿಂದ ಅನಿಲವೇ ಉಪಾದಾನ. ಸಂಘಟ್ಟನೆಯು ನಿಮಿತ್ತಗಳಲ್ಲಿ ಒಂದು, ಪ್ರಬಲವಾದುದು, ಏಕಮಾತ್ರವಲ್ಲ. ಕಣ್ಣಿಗೆ ರಾಚುವ ದೃಷ್ಟಾಂತವನ್ನು ಕಂಡು ಅದನ್ನೇ ನಿಯಮವೆಂದು ಬಗೆದುದು ನನ್ನ ದೋಷ. ಅಂದು ನನ್ನ ಮಾತನ್ನು ಕೇಳಿದ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದರೆ ತಾವೂ ತಿದ್ದಿಕೊಳ್ಳಬೇಕೆಂದು ಪ್ರಾರ್ಥಿಸಿ, ಇಲ್ಲಿಗೆ ವಿರಮಿಸುವೆನು.