ರಾಹುಕಾಲವಲ್ಲ, ಎದುರು ಬಿಸಿಲಿನ ಕಾಲ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಹೊಸ ಗಾಡಿ ಕೊಂಡರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ರಾಹುಕಾಲ ಕಳೆಯಲಿ ಎಂದು ಅಂಗಳದಲ್ಲೇ ಕಾಯುತ್ತೇವೆ. ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆ ಎಂಬ ಈ ಭಯವನ್ನು ಬಸವಾದಿ ಶರಣರು 12ನೆಯ ಶತಮಾನದಲ್ಲೇ ತಳ್ಳಿಹಾಕಿದರು. ರಸ್ತೆ ಕೆಲಸದಲ್ಲೇ ಸೇವೆ ಮುಗಿಸಿದ ಎಂಜಿನಿಯರ್ ನಾನು. ಅಪಘಾತದ ಹೊತ್ತು ಪಂಚಾಂಗದಲ್ಲಿ ಇಲ್ಲ. ಆದರೆ ಗಾಡಿ ನಡೆಸುವವರಿಗೆ ದಿನಕ್ಕೆ ಎರಡು ಸಲ ನಿಜವಾದ ಅಪಾಯದ ಹೊತ್ತು ಬರುತ್ತದೆ: ಸೂರ್ಯ ಹುಟ್ಟಿದ ಮೇಲಿನ ಒಂದು ತಾಸು, ಮುಳುಗುವ ಮುಂಚಿನ ಒಂದು ತಾಸು.

ಸೂರ್ಯ ತಾಸಿಗೆ 15 ಡಿಗ್ರಿ ಸರಿಯುತ್ತಾನೆ. ಆ ಒಂದು ತಾಸು ಅವನು ನಮ್ಮ ಕಣ್ಣಿನ ನೇರಕ್ಕೇ ಇರುತ್ತಾನೆ. ಹುಬ್ಬಳ್ಳಿಯಿಂದ ಗದಗಿಗೆ ಕೆಲಸಕ್ಕೆ ಹೋಗುವವರನ್ನು ನೋಡಿ. ಬೆಳಿಗ್ಗೆ ಪೂರ್ವಕ್ಕೆ ಹೋಗುವಾಗಲೂ, ಸಂಜೆ ಪಶ್ಚಿಮಕ್ಕೆ ಮರಳುವಾಗಲೂ ಬಿಸಿಲು ಮುಖಕ್ಕೇ. ಗದಗಿನಿಂದ ಹುಬ್ಬಳ್ಳಿಗೆ ಬಂದು ಹೋಗುವವರಿಗೆ ಎರಡೂ ಹೊತ್ತು ಬೆನ್ನಿಗೆ.

ಇದು ನನಗೇ ಆದ ಅನುಭವ. ಒಂದು ಸಂಜೆ ಕಣ್ಣು ಕಿರಿದು ಮಾಡಿಕೊಂಡೇ ಕಾರು ಓಡಿಸುತ್ತಿದ್ದೆ. ಗಾಜಿನ ಮೇಲೆ ಧೂಳು. ಬೆಳಕು ಚದುರಿ ಗಾಜೆಲ್ಲ ಬೆಳ್ಳಗಾಗಿತ್ತು. ರಸ್ತೆಯಂಚಿನಲ್ಲಿ ಒಣಹಾಕಿದ್ದ ಜೋಳ ಬಳಿಯುತ್ತಿದ್ದ ತಾಯಿಯೊಬ್ಬರು ಕಂಡದ್ದು ಹತ್ತು ಮಾರು ದೂರದಲ್ಲಿ. ಸ್ಟಿಯರಿಂಗ್ ತಿರುಗಿಸಿದೆ, ಗಾಡಿ ಹೊಲಕ್ಕಿಳಿಯಿತು. ಅವರು ಉಳಿದರು. ರಸ್ತೆಯ ಲೆಕ್ಕ ಬಲ್ಲವನೇ ಆ ತಪ್ಪು ಮಾಡಿದ್ದೆ.

ಲೆಕ್ಕ ಇಷ್ಟೇ. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಂಡು, ಬ್ರೇಕ್ ಹಾಕಿ, ನಿಲ್ಲಲು ಸುಮಾರು 80 ಮೀಟರ್ ಬೇಕೆಂದು ನಾವು ರಸ್ತೆ ವಿನ್ಯಾಸ ಮಾಡುತ್ತೇವೆ. 40ರಲ್ಲಿ 45 ಮೀಟರ್ ಸಾಕು. ಅಂದಮೇಲೆ ಕಾಣುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ಸರಿಯಾದ ವೇಗ.

ಮುಂದಿನ ಗಾಜನ್ನು ಹೊರಗಷ್ಟೇ ಅಲ್ಲ, ಒಳಗೂ ಒರೆಸಿ. ಬೈಕಿನವರು ಗೀರು ಬಿದ್ದ ಹೆಲ್ಮೆಟ್ ಗಾಜನ್ನು ಬದಲಿಸಿ. ಬಿಸಿಲಿಗೆ ತಾನೇ ಕಪ್ಪಾಗುವ ಕನ್ನಡಕವನ್ನು ಕಾರಿನಲ್ಲಿ ನಂಬಬೇಡಿ. ಅದನ್ನು ಕಪ್ಪಾಗಿಸುವ ಕಿರಣವನ್ನು ಕಾರಿನ ಗಾಜೇ ತಡೆಯುತ್ತದೆ. ಏನೂ ಕಾಣದಾದರೆ ನಡುರಸ್ತೆಯಲ್ಲಿ ಗಕ್ಕನೆ ನಿಲ್ಲಿಸಬೇಡಿ, ಹಿಂದಿನವನಿಗೂ ಕಾಣುತ್ತಿರುವುದಿಲ್ಲ. ನಿಧಾನಿಸಿ, ಪೂರ್ತಿ ಪಕ್ಕಕ್ಕೆ ಇಳಿಸಿ ನಿಲ್ಲಿ.

ಬಿಸಿಲು ಬೆನ್ನಿಗಿದ್ದಾಗ ನಮಗೆಲ್ಲ ಚೆನ್ನಾಗಿ ಕಾಣುತ್ತದೆ. ಆದರೆ ಎದುರಿನವನಿಗೆ ನಾವು ಕಾಣುವುದಿಲ್ಲ. ಆಗ ಹೆಡ್‌ಲೈಟ್ ಹಾಕಿ. ಅವನು ನಮ್ಮನ್ನು ನೋಡಿದ್ದಾನೆಂದು ನಂಬಿ ಓವರ್‌ಟೇಕ್ ಮಾಡಬೇಡಿ. ನಡೆದು ಹೋಗುವವರೂ, ರಸ್ತೆಯಲ್ಲಿ ರಾಶಿ ಒಣಗಿಸುವವರೂ ಇದನ್ನು ನೆನಪಿಡಬೇಕು.

ಶರಣರಿಗೆ ಕಾಯಕವೆಂದರೆ ಎಚ್ಚರದಿಂದ ಮಾಡುವ ಕೆಲಸ. ಸ್ಟಿಯರಿಂಗ್ ಹಿಡಿದವರ ಕಾಯಕದಲ್ಲಿ ರಸ್ತೆಬದಿಯ ಬಡವನ ಜೀವವೂ ಸೇರಿದೆ. ರಾಹುಕಾಲಕ್ಕೆಂದು ಒಂದೂವರೆ ತಾಸು ಕಾಯುತ್ತಿದ್ದ ನಾವು, ಸೂರ್ಯ ಸ್ವಲ್ಪ ಮೇಲೇರಲಿ ಎಂದು ಅರ್ಧ ತಾಸು ಕಾಯಲಾರೆವೇ?