ರೆಕಾರ್ಡ್ ಪುಸ್ತಕದಿಂದ ಆಚೆಗೆ ಸಸ್ಯಶಾಸ್ತ್ರ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವೃತ್ತಿ ಮಾರ್ಗದರ್ಶನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಿಂದ ಹೋಗಿ ಈಗ ಪಿಯುಸಿಯಲ್ಲೋ ಡಿಗ್ರಿಯಲ್ಲೋ ಓದುತ್ತಿರುವ ಮಕ್ಕಳಿಗೆ, ಸಸ್ಯಶಾಸ್ತ್ರ ತೆಗೆದುಕೊಂಡರೆ ಮುಂದೇನು ಎಂದು ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದರು. ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿಕೊಂಡು ಬಂದವನು. ಅಡ್ಮಿಷನ್ ದಿನಗಳಲ್ಲಿ ತಂದೆ ತಾಯಿಯರಿಂದ ಹೆಚ್ಚಾಗಿ ಕೇಳುವ ಮಾತು ಒಂದೇ: "ಸಾರ್, ಮೆಡಿಕಲ್ ಸೀಟು ಸಿಗಲಿಲ್ಲ, ಅದಕ್ಕೇ ಸಿಬಿಝೆಡ್‌ಗೆ ಹಾಕ್ತಾ ಇದ್ದೀವಿ." ಪಕ್ಕದಲ್ಲಿ ಮಗು ತಲೆ ತಗ್ಗಿಸಿಕೊಂಡು ನಿಂತಿರುತ್ತದೆ. ಓದು ಶುರುವಾಗುವ ಮೊದಲೇ ಸೋತೆ ಅಂತ ಅದಕ್ಕೆ ಹೇಳಿಬಿಟ್ಟಿರುತ್ತೇವೆ. ಆ ಮೂರು ವರ್ಷ ಅದು ಗಿಡದ ಕಡೆ ಕಣ್ಣೆತ್ತಿ ನೋಡುವುದಾದರೂ ಹೇಗೆ?

ಪೋಷಕರ ಆತಂಕ ಸುಳ್ಳಲ್ಲ. ಬರೀ ಬಿ.ಎಸ್ಸಿ. ಪ್ರಮಾಣಪತ್ರ ಹಿಡಿದುಕೊಂಡು ಹೋದರೆ ಕೆಲಸ ಸಿಗುವುದು ಕಷ್ಟ, ಸಿಕ್ಕರೂ ಮೊದಲ ಸಂಬಳ ಕಡಿಮೆ. ಇದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಇಷ್ಟವಿಲ್ಲ. ಆದರೆ ಗಿಡವನ್ನು ನೋಡಿ ಗುರುತಿಸುವ ಕಣ್ಣು, ಹೂವನ್ನು ಬಿಡಿಸಿ ನೋಡಿದ ಕೈ ಇರುವವರು ಬೇಕು ಅಂತ ಹುಡುಕುವವರು ಇದ್ದಾರೆ. ಅಂಥ ಹುಡುಗ ಹುಡುಗಿಯರೇ ಕಡಿಮೆ.

ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಎಷ್ಟೋ ಆಫೀಸು, ಅಪಾರ್ಟ್‌ಮೆಂಟುಗಳ ಕಾಂಪೌಂಡಿನಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆದ ಮರ ನೋಡಿದ್ದೀರಿ. ಉದ್ದನೆಯ, ಅಂಚು ಅಲೆಅಲೆಯಾದ ಎಲೆ. ಯಾರನ್ನು ಕೇಳಿದರೂ ಅಶೋಕ ಅನ್ನುತ್ತಾರೆ. ಅದು ಅಶೋಕ ಅಲ್ಲ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಪಾಲಿಯಾಲ್ತಿಯಾ. ನಿಜವಾದ ಅಶೋಕ, ಅಂದರೆ ಸರಾಕಾ ಅಶೋಕ, ನಮ್ಮ ಹುಣಸೆಮರದ ಬಳಗದ್ದು. ಕಿತ್ತಳೆ, ಕೆಂಪು ಬಣ್ಣದ ಗೊಂಚಲು ಹೂ ಬಿಡುತ್ತದೆ. ಹೆಂಗಸರ ಕಾಯಿಲೆಗೆ ಅಶೋಕಾರಿಷ್ಟ ಮಾಡಲು ಇದರ ತೊಗಟೆ ಬೇಕು. ಮರ ಅಪರೂಪವಾಗಿರುವುದರಿಂದ ಮಾರುಕಟ್ಟೆಯಲ್ಲಿ ಕಂಬದ ಮರದ ತೊಗಟೆಯೂ ಅಶೋಕದ ಹೆಸರಿನಲ್ಲಿ ಮಾರಾಟವಾಗುತ್ತದೆ. ಮೂಟೆಯಲ್ಲಿ ಬಂದ ಒಣ ತೊಗಟೆ ಯಾವುದು ಎಂದು ಹೇಳುವವರು ಯಾರು? ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ನೋಡಿ ಹೇಳಬಲ್ಲ ಸಸ್ಯಶಾಸ್ತ್ರದ ವಿದ್ಯಾರ್ಥಿ. ಗಿಡಮೂಲಿಕೆ ಔಷಧಿ ತಯಾರಿಸುವ ಕಾರ್ಖಾನೆಗಳಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗ ಇರುವುದೇ ಇದಕ್ಕೆ. ಬ್ರಾಹ್ಮಿಯದೂ ಇದೇ ಕಥೆ. ನಮ್ಮ ಮನೆಗಳಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅನ್ನುತ್ತೇವೆ, ನೀರುಬ್ರಾಹ್ಮಿ ಬೇರೆಯೇ ಗಿಡ. ಚಟ್ನಿಗೆ ತೊಂದರೆಯಿಲ್ಲ, ಮಾತ್ರೆಗೆ ತೊಂದರೆ.

ಇನ್ನೊಂದು ಬೀಜದ ಉದ್ಯಮ. ಇಲ್ಲಿಂದ ಬಹಳ ದೂರವಿಲ್ಲದ ಉತ್ತರಹಳ್ಳಿ–ಕೆಂಗೇರಿ ಕಡೆಯ ಚನ್ನಸಂದ್ರದಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಇದೆ. ಮನಮೋಹನ ಅತ್ತಾವರ ಅವರು 1965ರಲ್ಲಿ ಆರಂಭಿಸಿದ ಸಂಸ್ಥೆ. ನಮ್ಮ ದೇಶದಲ್ಲಿ ತರಕಾರಿಯ ಹೈಬ್ರಿಡ್ ಬೀಜವನ್ನು ರೈತರ ಕೈಗೆ ಕೊಟ್ಟ ಮೊದಲಿಗರಲ್ಲಿ ಅವರೊಬ್ಬರು. ಈಗ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಿನ ಹಳ್ಳಿಗಳಿಗೆ ಹೋಗಿ ನೋಡಿ. ಹೊಲದಲ್ಲಿ ಹೆಣ್ಣುಮಕ್ಕಳು ಚಿಮುಟ ಹಿಡಿದು ಕುಳಿತಿರುತ್ತಾರೆ. ನಾಳೆ ಅರಳಬೇಕಾದ ಟೊಮೆಟೊ ಮೊಗ್ಗನ್ನು ಇವತ್ತೇ ಬಿಡಿಸಿ, ಶಲಾಕೆಗೆ ಪೆಟ್ಟಾಗದಂತೆ ಕೇಸರಗಳನ್ನು ಕಿತ್ತು ತೆಗೆಯುತ್ತಾರೆ. ಮಾರನೆಯ ಬೆಳಿಗ್ಗೆ ಗಂಡು ಸಾಲಿನಿಂದ ತಂದ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸುತ್ತಾರೆ. ಯಾವ ಹೂವಿಗೆ ಮುಟ್ಟಿಸಿದ್ದಾಯಿತು ಎಂದು ಗೊತ್ತಾಗಲು ಬುಡದ ಹಸಿರು ಎಸಳುಗಳಲ್ಲಿ ಒಂದೆರಡನ್ನು ಕತ್ತರಿಸಿ ಬಿಡುತ್ತಾರೆ. ನಿಮ್ಮ ಪುಸ್ತಕದಲ್ಲಿ ಹೂವಿನ ಭಾಗಗಳ ಚಿತ್ರ ಇದೆಯಲ್ಲ, ಅದನ್ನು ಐದು ಅಂಕಕ್ಕೆ ಬರೆದು ಮರೆತುಬಿಡುತ್ತೀರಿ. ಆ ಹೆಣ್ಣುಮಕ್ಕಳು ಅದೇ ಚಿತ್ರದಿಂದ ಮನೆ ನಡೆಸುತ್ತಿದ್ದಾರೆ. ಅವರ ಕೆಲಸ ನೋಡಿಕೊಳ್ಳಲು, ತಳಿ ಶುದ್ಧವಾಗಿದೆಯೇ ಎಂದು ಪರೀಕ್ಷಿಸಲು ಬೀಜದ ಕಂಪನಿಗಳಿಗೆ ಪದವೀಧರರು ಬೇಕು. ಸಂದರ್ಶನದಲ್ಲಿ "ಕ್ರಾಸಿಂಗ್ ಮಾಡಿದ್ದೀಯಾ?" ಅಂತ ಕೇಳಿದರೆ "ಓದಿದ್ದೀನಿ ಸಾರ್" ಅನ್ನುವ ಉತ್ತರಕ್ಕೆ ಬೆಲೆಯಿಲ್ಲ.

ಕಸಿಯೂ ಹಾಗೇ. ಕಾಂಡದ ಅಡ್ಡಸೀಳಿಕೆಯಲ್ಲಿ ಕ್ಯಾಂಬಿಯಂ ಎಂಬ ತೆಳು ಪದರವನ್ನು ಬಣ್ಣದ ಪೆನ್ಸಿಲ್‌ನಲ್ಲಿ ಗುರುತಿಸುತ್ತೀರಿ. ಮಾವಿನ ಕಸಿ ಕಟ್ಟುವವನು ಎರಡು ಕಡ್ಡಿಗಳ ಆ ಪದರ ಒಂದಕ್ಕೊಂದು ತಾಗುವಂತೆ ಕೂಡಿಸದಿದ್ದರೆ ಕಸಿ ಒಣಗುತ್ತದೆ. ಕಸಿ ಕೈಗೆ ಹತ್ತಿದವನು ನರ್ಸರಿ ಇಟ್ಟುಕೊಂಡು ಬದುಕಬಲ್ಲ. ತೋಟಗಾರಿಕೆ ಇಲಾಖೆಯವರು ರೈತರ ಮಕ್ಕಳಿಗೆ ಲಾಲ್‌ಬಾಗ್ ಸೇರಿದಂತೆ ಹಲವು ಕೇಂದ್ರಗಳಲ್ಲಿ 10 ತಿಂಗಳ ತರಬೇತಿ ಕೊಡುತ್ತಾರೆ, ಜೊತೆಗೆ ಶಿಷ್ಯವೇತನವನ್ನೂ ಕೊಡುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ಓದಲು ಅನುಕೂಲವಿಲ್ಲದ ಮಕ್ಕಳೂ ಇದನ್ನು ವಿಚಾರಿಸಬಹುದು.

ಅಂಗಾಂಶ ಕೃಷಿಯ ಪ್ರಯೋಗಾಲಯಗಳ ಬಗ್ಗೆ ಬಹಳ ಮಕ್ಕಳು ಕೇಳುತ್ತಾರೆ. ಜಿ-9 ಬಾಳೆಯ ಸಸಿಗಳು ಲಕ್ಷಗಟ್ಟಲೆ ತಯಾರಾಗುವುದು ಅಲ್ಲೇ. ಅಗರ್ ಸೇರಿಸಿದ ಪೋಷಕ ಮಾಧ್ಯಮ ಕಾಯಿಸುವುದು, ಅದರ ಪಿ.ಎಚ್. 5.8ಕ್ಕೆ ತರುವುದು, ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕ್ರಿಮಿಶುದ್ಧಿ ಮಾಡುವುದು, ಬಾಟಲಿಗೆ ಬೂಷ್ಟು ಹಿಡಿಯದಂತೆ ಕತ್ತರಿಸಿ ಇಡುವುದು. ಇದು ಶಿಸ್ತಿನ, ಬೇಸರದ ಕೆಲಸ. ಅಲ್ಲಿ ಎರಡು ವರ್ಷ ಕಲಿತವರು ಮೇಲಕ್ಕೆ ಹೋಗುತ್ತಾರೆ, ಎರಡು ತಿಂಗಳಿಗೆ ಬಿಟ್ಟವರು ಬೈದುಕೊಂಡು ಓಡಾಡುತ್ತಾರೆ.

ಸರ್ಕಾರಿ ಹುದ್ದೆಗಳದ್ದು ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಸಿಬಿಝೆಡ್ ಜೊತೆ ಬಿ.ಎಡ್. ಮಾಡಿದರೆ ಪ್ರೌಢಶಾಲಾ ಶಿಕ್ಷಕರಾಗಬಹುದು. ಎಂ.ಎಸ್ಸಿ. ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು. ಆ ಪರೀಕ್ಷೆಗಳಲ್ಲಿ ವಿಷಯದ ಹೆಸರು ಜೀವವಿಜ್ಞಾನ ಎಂದಿರುತ್ತದೆ, ಸಸ್ಯಶಾಸ್ತ್ರ ಎಂದು ಹುಡುಕಿ ನಿರಾಶರಾಗಬೇಡಿ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಪದವಿಯಲ್ಲಿ ಓದಿರಬೇಕಾದ ವಿಷಯಗಳ ಪಟ್ಟಿಯಲ್ಲಿ ಸಸ್ಯಶಾಸ್ತ್ರವೂ ಒಂದು. ಯಾವುದಕ್ಕೂ ಆಯಾ ವರ್ಷದ ಅಧಿಸೂಚನೆ ನೀವೇ ಓದಿ. ಕೋಚಿಂಗ್ ಸೆಂಟರಿನ ಪಾಂಪ್ಲೆಟ್ ನಂಬಬೇಡಿ.

ಊರಿನವರಿಗೆ ಸಂಬಂಧಪಟ್ಟ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರಗಳ ಗಣತಿಯೂ ಸೇರಿದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವ ಯೋಜನೆಯಾದರೆ ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು. ಮೈಸೂರು ರಸ್ತೆಯ ಬದಿಯಲ್ಲಿ ಎಷ್ಟು ಬದಲಾವಣೆ ಆಗಿದೆ ಎಂಬುದನ್ನು ಇಲ್ಲಿ ಕುಳಿತ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಆಕ್ಷೇಪಣೆ ಬರೆಯಲು ಮೊದಲು ಅದು ಯಾವ ಮರ, ಬೇರೆ ಕಡೆ ನೆಟ್ಟರೆ ಬದುಕುತ್ತದೆಯೇ ಎಂದು ಗೊತ್ತಿರಬೇಕು. ಊರಿಗೆ ಒಬ್ಬರಾದರೂ ಹೀಗೆ ಹೇಳಬಲ್ಲವರು ಬೇಡವೇ?

ಈಗ ನನ್ನ ಕಂಪ್ಲೇಂಟು. ನಮ್ಮ ಕಾಲೇಜುಗಳಲ್ಲಿ ಪ್ರಾಕ್ಟಿಕಲ್ ಎಂದರೆ ರೆಕಾರ್ಡ್ ಪುಸ್ತಕ ಆಗಿಹೋಗಿದೆ. ಹಿಂದಿನ ವರ್ಷದವರ ರೆಕಾರ್ಡ್ ತಂದು, ಚಿತ್ರ ನೋಡಿಕೊಂಡು ಚಿತ್ರ ಬರೆಯುತ್ತಾರೆ. ಸ್ಲೈಡಿನಲ್ಲಿ ಏನು ಕಂಡಿತೋ ಅದನ್ನು ಬರೆದವರಿಗಿಂತ ಚೆಂದ ಕಾಪಿ ಮಾಡಿದವರಿಗೆ ಹೆಚ್ಚು ಅಂಕ ಬರುವುದೂ ಉಂಟು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಮೇಷ್ಟರಾಗಿದ್ದವರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸಗಳೇ ಆ ಪುಸ್ತಕದ ಹೂರಣ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾಡಿನಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ತಿಳಿಯಲು ಕನ್ನಡದ ಮಕ್ಕಳು ಬೇರೆಲ್ಲೂ ಹೋಗಬೇಕಿಲ್ಲ. ಶಾಲೆಯ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಹಳೆಯ ವಿದ್ಯಾರ್ಥಿಗಳು ನಾಲ್ಕು ಪ್ರತಿ ಕೊಡಿಸಿ.

ಫೀಲ್ಡ್ ಟ್ರಿಪ್ ಅಂದ ಕೂಡಲೇ "ಹೆಣ್ಣುಮಗು, ಕಳಿಸಲ್ಲ ಸಾರ್" ಅನ್ನುವ ತಂದೆಯರು ಇದ್ದಾರೆ. ನಮ್ಮ ಸಸ್ಯಶಾಸ್ತ್ರ ತರಗತಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. ಕಳಿಸದಿದ್ದರೆ ಅವರು ಅರ್ಧ ವಿದ್ಯೆ ಕಲಿತ ಹಾಗೆ. 1897ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್ ಕೊಯಮತ್ತೂರಿನ ಕಬ್ಬಿನ ತಳಿ ಕೇಂದ್ರದಲ್ಲಿ ಸಂಶೋಧನೆ ಮಾಡಿ ಪದ್ಮಶ್ರೀ ಪಡೆದವರು. ಅಂಥವರ ಕಾಲಕ್ಕಿಂತ ನಾವು ಹಿಂದೆ ಹೋಗುವುದು ಸರಿಯೇ ಅಪ್ಪ? ಭಯವಿದ್ದರೆ ನೀವೂ ಜೊತೆಗೆ ಬನ್ನಿ, ಮೇಷ್ಟರು ಬೇಡ ಅನ್ನುವುದಿಲ್ಲ.

ದೂರ ಹೋಗಲಾಗದವರಿಗೆ ನಮ್ಮೂರೇ ಪ್ರಯೋಗಾಲಯ. ವೃಷಭಾವತಿ ನಮ್ಮ ಪಕ್ಕದಲ್ಲೇ ಹರಿಯುತ್ತಾಳೆ. ಅವಳು ಹೇಗಿದ್ದಾಳೆ ಎಂಬುದು ಮೂಗಿಗೆ ಗೊತ್ತು. ನೀರಿಗೆ ಇಳಿಯಬೇಡಿ. ದಡದ ಆಚೆ ನಿಂತೇ ನೋಡಿ: ಕೊಳಕು ನೀರಿನಲ್ಲೂ ಜೊಂಡು ಹುಲುಸಾಗಿ ಯಾಕೆ ಬೆಳೆಯುತ್ತದೆ, ಕಾಂಗ್ರೆಸ್ ಗಿಡ ಎಲ್ಲಿ ಹೆಚ್ಚು, ಎಲ್ಲಿ ಇಲ್ಲ. ಖಾಲಿ ಸೈಟಿನಲ್ಲಿ ಹರಳು ಗಿಡ ಸಿಕ್ಕರೆ ಒಂದು ಹೂಗೊಂಚಲು ತೆಗೆದುಕೊಳ್ಳಿ. ಮೇಲುಗಡೆ ಹೆಣ್ಣು ಹೂ, ಕೆಳಗಡೆ ಗಂಡು ಹೂ. ಒಂದೇ ಗೊಂಚಲಲ್ಲಿ ಎರಡನ್ನೂ ನೋಡಲು ಲ್ಯಾಬು ಬೇಕಾಗಿಲ್ಲ. ಬೀಜ ಮಾತ್ರ ಬಾಯಿಗೆ ಹಾಕಬೇಡಿ, ವಿಷ. ಮೆಟ್ರೋದಲ್ಲಿ ಎರಡೇ ನಿಲ್ದಾಣ ಹೋದರೆ ಜ್ಞಾನಭಾರತಿ, ಅಲ್ಲಿ ವಿಶ್ವವಿದ್ಯಾಲಯದ ಜೈವಿಕ ಉದ್ಯಾನವಿದೆ. ಹೆಸರು ಸರಿಯೋ ತಪ್ಪೋ ಎಂದು ನೋಡಿಕೊಳ್ಳಲು ಭಾರತೀಯ ವಿಜ್ಞಾನ ಸಂಸ್ಥೆಯವರು ಕರ್ನಾಟಕದ ಸಸ್ಯಗಳ ಚಿತ್ರಸಹಿತ ಮಾಹಿತಿಯನ್ನು ಅಂತರಜಾಲದಲ್ಲಿ ಇಟ್ಟಿದ್ದಾರೆ. ಮೊಬೈಲ್ ಹೇಗೂ ಕೈಯಲ್ಲೇ ಇರುತ್ತದೆ.

ಊರಿನ ಅಜ್ಜಿಯರೇ, ಹೊಲ ಗದ್ದೆ ಇದ್ದ ಕಾಲದಲ್ಲಿ ಬದುವಿನ ಮೇಲೆ ಕೀಳುತ್ತಿದ್ದ ಸೊಪ್ಪುಗಳ ಹೆಸರು ನಿಮ್ಮ ಬಾಯಲ್ಲಿ ಇನ್ನೂ ಇದೆ. ಮೊಮ್ಮಕ್ಕಳು ಕೇಳಲು ಬಂದರೆ "ಅದೆಲ್ಲ ಯಾಕೋ" ಅನ್ನಬೇಡಿ, ಹೇಳಿ. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜನರ ಇಂಥ ತಿಳಿವಳಿಕೆಯನ್ನು ದಾಖಲೆ ಮಾಡಬೇಕು.

ಕೊನೆಯದಾಗಿ, ಗಿಡ ಒತ್ತಿ ಒಣಗಿಸಲು ಎರಡು ಪ್ರೆಸ್ ಮಾಡಿಸಿ ತಂದಿದ್ದೇನೆ. ಎರಡು ಪ್ಲೈವುಡ್ ಹಲಗೆ, ಎರಡು ಬೆಲ್ಟು, ಅಷ್ಟೇ. ವಿಜ್ಞಾನದ ಮೇಷ್ಟರ ಹತ್ತಿರ ಇಟ್ಟು ಹೋಗುತ್ತೇನೆ, ಕಾಲೇಜಿನ ಮಕ್ಕಳೂ ಬಂದು ತೆಗೆದುಕೊಂಡು ಹೋಗಿ. ಹೂ ಅಥವಾ ಕಾಯಿ ಇರುವ ಕೊಂಬೆಯನ್ನೇ ಆರಿಸಿ. ಹಳೆಯ ಪೇಪರು ದಿನಕ್ಕೊಮ್ಮೆ ಬದಲಾಯಿಸಿ, ಮಳೆಗಾಲವಾದರೆ ಎರಡು ಸಲ. ಒಣಗಿದ ಮೇಲೆ 42 ಸೆಂಟಿಮೀಟರ್ ಉದ್ದ, 29 ಸೆಂಟಿಮೀಟರ್ ಅಗಲದ ದಪ್ಪ ಹಾಳೆಗೆ ಹೊಲಿಯಿರಿ. ಹೂವಿನ ಬಣ್ಣ ಕೀಳುವಾಗಲೇ ಬರೆದುಕೊಳ್ಳಿ, ಒಣಗಿದ ಮೇಲೆ ಅದು ಉಳಿಯುವುದಿಲ್ಲ. ಬಲಗಡೆ ಕೆಳಗಿನ ಮೂಲೆಯ ಚೀಟಿಯಲ್ಲಿ ಗಿಡದ ಹೆಸರು, ನಮ್ಮ ಕಡೆಯ ಹೆಸರು, ತಾರೀಖು, ನಿಮ್ಮ ಹೆಸರು, ಸ್ಥಳ ನಾಯಂಡಹಳ್ಳಿ ಎಂದು ಬರೆಯಿರಿ. ಮೊದಲ ಇಪ್ಪತ್ತು ಹಾಳೆ ಆದಾಗ ನನಗೆ ಹೇಳಿ ಕಳಿಸಿ, ನೋಡಲು ಬರುತ್ತೇನೆ.