ಚುಕ್ಕೆ ಕಾಣುವಂತೆ ವಿಡಿಯೋ ಮಾಡೋಣ



ವಾರ್ಷಿಕ ಸಭೆಯಲ್ಲಿ ವಿಡಿಯೋ ಚಿತ್ರದ ಬಗ್ಗೆ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಇದು ಮೋಜಿನ ವಿಷಯವಲ್ಲ, ಅಕ್ಷರದ ವಿಷಯ. ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜುಲೈನಲ್ಲಿ 8ರಿಂದ 10ನೇ ತರಗತಿಯವರಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಆರಂಭವಾದವು. ಅಲ್ಲಿ ದೀಪಗಳಿದ್ದವು, ಕ್ಯಾಮೆರಾ ಬಲ್ಲವರಿದ್ದರು. ಚಿಕ್ಕ ತರಗತಿಯ ನನ್ನಂಥವರ ಬಳಿ ಇದ್ದದ್ದು ಒಂದು ಮೊಬೈಲ್, ಮತ್ತು ಮಳೆಗಾಲದ ಕತ್ತಲೆ ತುಂಬಿದ ಹಂಚಿನ ಮನೆ. ಹಲಗೆಯ ಮೇಲೆ ಉರ್ದುವಿನ ಬೇ, ಪೇ, ತೇ, ಸೇ ಬರೆದು, ಐದು ನಿಮಿಷದ ವಿಡಿಯೋ ಮಾಡಿ, ಮಕ್ಕಳ ಮೆಸೇಜ್ ಗುಂಪಿಗೆ ಹಾಕಿದೆ. ಅಲ್ಲಿಂದ ಇಳಿಸಿಕೊಂಡ ಅದೇ ಫೈಲನ್ನು ಆಮೇಲೆ ಇಂಟರ್ನೆಟ್‌ಗೂ ಏರಿಸಿದೆ. ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆ. ಶಾಲೆ ತೆರೆದ ಮೇಲೆ ಕಾಪಿ ನೋಡಿದರೆ ಪೇ ಅಕ್ಷರಕ್ಕೆ ಮೂರರ ಬದಲು ಒಂದೇ ಚುಕ್ಕೆ, ಸೇ ಅಕ್ಷರಕ್ಕೆ ಎರಡು. ತಿದ್ದಲು ಹೋದಾಗ ಒಬ್ಬ ಹುಡುಗಿ, “ನೀವ ಹಿಂಗ ಬರದಿದ್ರಲ್ರಿ ಸರ್” ಎಂದು ಮನೆಯಿಂದ ತಂದ ಮೊಬೈಲನ್ನೇ ತೋರಿಸಿದಳು. ಅವಳು ಹೇಳಿದ್ದು ನಿಜ. ಪರದೆಯ ಮೇಲೆ ಚುಕ್ಕೆಗಳು ಒಂದಕ್ಕೊಂದು ಅಂಟಿ ಬಿಳಿ ಮಸಿಯಾಗಿದ್ದವು.

ಉರ್ದು ಬಲ್ಲವರಿಗೆ ಇದರ ಗಂಭೀರತೆ ಗೊತ್ತು. ‘ದುಆ’ ಬರೆದದ್ದಕ್ಕೆ ಒಂದು ಚುಕ್ಕೆ ಸೇರಿದರೆ ‘ದಗಾ’ ಆಗುತ್ತದೆ. ಮೇಲಿನ ಚುಕ್ಕೆ ಕೆಳಗೆ ಬಂದರೆ ‘ಖುದಾ’ ಹೋಗಿ ‘ಜುದಾ’. ಕನ್ನಡದವರೂ ನಗಬೇಕಿಲ್ಲ. ಕೆಳಗಿನ ಸಣ್ಣ ಗೀರು ಕಾಣದಿದ್ದರೆ ‘ಧನ’ ಹೋಗಿ ‘ದನ’ ಬರುತ್ತದೆ!

ಚುಕ್ಕೆ ಹೋಗುವುದು ಎಲ್ಲಿ? ವಿಡಿಯೋ ಎಂದರೆ ಸೆಕೆಂಡಿಗೆ ಇಪ್ಪತ್ತೈದೋ ಮೂವತ್ತೋ ಚಿತ್ರ. ಅಷ್ಟನ್ನೂ ಪೂರ್ತಿಯಾಗಿ ಕಳಿಸಲಾಗದು. ಹಾಗಾಗಿ ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅದನ್ನೇ ಹೆಚ್ಚಾಗಿ ಬರೆದಿಡುತ್ತಾರೆ. ಅಲುಗದ ಗೋಡೆಗೆ ಹೆಚ್ಚು ಖರ್ಚಿಲ್ಲ. ಆದರೆ ಮಂದ ಬೆಳಕಿನಲ್ಲಿ ಚಿತ್ರದ ಮೇಲೆಲ್ಲ ಮರಳು ಚೆಲ್ಲಿದಂತೆ ಕಾಳು ಏಳುತ್ತದೆ, ಅದು ಪ್ರತಿ ಚಿತ್ರದಲ್ಲೂ ಬೇರೆ. ಇರುವ ಪಾಲೆಲ್ಲ ಆ ಕಾಳಿಗೇ ಖರ್ಚಾಗಿ ಚುಕ್ಕೆಗೆ ಏನೂ ಉಳಿಯುವುದಿಲ್ಲ. ಯೂಟ್ಯೂಬ್ 1080ಪಿ ವಿಡಿಯೋಗೆ ಸೆಕೆಂಡಿಗೆ 8 ಮೆಗಾಬಿಟ್ ಇರಲಿ ಎಂದು ಸಲಹೆ ಕೊಡುತ್ತದೆ. ಐದು ನಿಮಿಷಕ್ಕೆ ಅದು 300 ಎಂಬಿ. ಅದನ್ನೇ 16 ಎಂಬಿಗೆ ಹಿಂಡಿದರೆ ಸೆಕೆಂಡಿಗೆ ಅರ್ಧ ಮೆಗಾಬಿಟ್ಟೂ ಸಿಗದು. ಹಿಂಡಿದ್ದನ್ನು ಮತ್ತೆ ಏರಿಸಿದರೆ ಅಲ್ಲಿ ಇನ್ನೊಮ್ಮೆ ಹಿಂಡುತ್ತಾರೆ. ನಾನು ಮಾಡಿದ್ದು ಅದನ್ನೇ.

ಹೋದದ್ದನ್ನು ಮರಳಿ ತರುವ ಆ್ಯಪ್ ಇದೆಯಲ್ಲ ಎಂದು ಹುಡುಗರು ಕೇಳುತ್ತಾರೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಮುಖವನ್ನು ನುಣುಪು ಮಾಡಬಲ್ಲವು. ಆದರೆ ಅವು ಊಹಿಸುತ್ತವೆ. ಎರಡು ಚುಕ್ಕೆಯಿತ್ತೋ ಮೂರಿತ್ತೋ ಎಂಬುದನ್ನು ಊಹೆಗೆ ಬಿಡಲು ನಾನಂತೂ ಒಪ್ಪುವುದಿಲ್ಲ.

ಆದ್ದರಿಂದ ಕೆಲಸವೆಲ್ಲ ಚಿತ್ರ ತೆಗೆಯುವಾಗಲೇ ಆಗಬೇಕು. ಮೊದಲು ಲೆನ್ಸ್ ಒರೆಸಿ. ನಮ್ಮ ಕೈಯ ಸೀಮೆಸುಣ್ಣದ ಪುಡಿ, ಎಣ್ಣೆ ಅದರ ಮೇಲೇ ಕೂತಿರುತ್ತದೆ. ಮುಂದಿನ ಕ್ಯಾಮೆರಾ ಬಿಟ್ಟು ಹಿಂದಿನದನ್ನು ಬಳಸಿ. ಫೋನನ್ನು ಅಡ್ಡವಾಗಿ ಪುಸ್ತಕದ ಅಟ್ಟಿಗೋ ಅಕ್ಕಿ ಡಬ್ಬಿಗೋ ಒರಗಿಸಿ, ಕೈಯಲ್ಲಿ ಹಿಡಿಯಬೇಡಿ. ಹಲಗೆಯನ್ನು ಕಿಟಕಿಯ ಎದುರಿಗಿಡದೆ ಪಕ್ಕಕ್ಕಿಡಿ, ಇಲ್ಲದಿದ್ದರೆ ಹೊಳಪು ಅಕ್ಷರವನ್ನು ನುಂಗುತ್ತದೆ. ಜೂಮ್ ಮಾಡದೆ ಹತ್ತಿರ ಬನ್ನಿ. ಪರದೆಯ ಮೇಲೆ ಅಕ್ಷರವಿರುವಲ್ಲಿ ಬೆರಳನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಫೋಕಸ್ ಅಲ್ಲೇ ನಿಲ್ಲುತ್ತದೆ.

ಬಣ್ಣದ ಸೀಮೆಸುಣ್ಣ ನಮಗೆಲ್ಲ ಪ್ರೀತಿ. ನಾನೂ ಚುಕ್ಕೆಗಳನ್ನು ಕೆಂಪಿನಲ್ಲೇ ಇಟ್ಟಿದ್ದೆ, ಮಕ್ಕಳಿಗೆ ಎದ್ದು ಕಾಣಲೆಂದು. ಆದದ್ದು ತಿರುವುಮುರುವು. ಇಂಟರ್ನೆಟ್‌ನ ಸಾಮಾನ್ಯ ವಿಡಿಯೋದಲ್ಲಿ ಬೆಳಕಿನ ವಿವರ ಎಷ್ಟಿದೆಯೋ ಅದರ ಕಾಲು ಭಾಗ ಮಾತ್ರ ಬಣ್ಣದ ವಿವರ. ಕರಿ ಹಲಗೆಯ ಮೇಲಿನ ಕೆಂಪು ಚುಕ್ಕೆ ಮೊದಲು ಮಾಯವಾಗುತ್ತದೆ. ಬಿಳಿಯದೇ ಸಾಕು.

ಕಳಿಸುವಾಗ, ಫೋನಿನಲ್ಲಿರುವ ಮೂಲ ಫೈಲನ್ನೇ ಏರಿಸಿ. ಇನ್ನೊಬ್ಬರಿಗೆ ಕೊಡಬೇಕಾದರೆ ವಿಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಹಿಂಡುವುದಿಲ್ಲ. ಏರಿಸಿದ ತಕ್ಷಣ ಮಸುಕಾಗಿ ಕಂಡರೆ ಗಾಬರಿ ಬೇಡ. ಯೂಟ್ಯೂಬ್ ಮೊದಲು ಕಡಿಮೆ ಗುಣಮಟ್ಟದ್ದನ್ನು ತೋರಿಸಿ, ಒಳ್ಳೆಯದನ್ನು ಆಮೇಲೆ ಸಿದ್ಧಪಡಿಸುತ್ತದೆ. ಲಿಂಕ್ ಹಂಚುವ ಮೊದಲು ಸ್ವಲ್ಪ ಕಾಯಿರಿ.

ಇಷ್ಟೆಲ್ಲ ಮಾಡಿದರೂ ನೋಡುವ ಮಗುವಿನ ಡೇಟಾ ಪ್ಯಾಕ್ ಚಿಕ್ಕದು. 2020ರ ಮಾರ್ಚ್ ಕೊನೆಯಲ್ಲಂತೂ ಜಾಲದ ಹೊರೆ ತಗ್ಗಿಸಲು ವಿಡಿಯೋ ಕಂಪನಿಗಳೇ ನಮ್ಮ ದೇಶದ ಮೊಬೈಲ್‌ಗಳಿಗೆ 480ಪಿ ಮಿತಿ ಹಾಕಿದ್ದವು. ಈಗಲೂ ಎಷ್ಟೋ ಮಕ್ಕಳು 360ಪಿ ಅಲ್ಲೇ ನೋಡುತ್ತಾರೆ. ಅಲ್ಲಿ ಚಿತ್ರದ ಅಗಲ ಕೇವಲ 640 ಬಿಂದು. ಎಂಟು ಅಡಿಯ ಹಲಗೆಯನ್ನು ಪೂರ್ತಿ ಹಿಡಿದರೆ ಒಂದು ಅಂಗುಲಕ್ಕೆ ಏಳು ಬಿಂದುವೂ ಬರದು; ಸೀಮೆಸುಣ್ಣದ ಚುಕ್ಕೆಗೆ ಎರಡೋ ಮೂರೋ. ಎರಡು ಅಡಿಯನ್ನಷ್ಟೇ ಹಿಡಿದರೆ ಅದು ನಾಲ್ಕು ಪಟ್ಟಾಗುತ್ತದೆ. ಒಮ್ಮೆಗೆ ನಾಲ್ಕೇ ಅಕ್ಷರ, ದೊಡ್ಡದಾಗಿ ಬರೆಯಿರಿ. ಮಕ್ಕಳಿಗೆ ಕಳಿಸುವ ಮೊದಲು ಮನೆಯ ಅತಿ ಚಿಕ್ಕ ಫೋನಿನಲ್ಲಿ 360ಪಿ ಇಟ್ಟು ನೀವೇ ಓದಿ ನೋಡಿ.

ವಿದ್ಯಾರ್ಥಿಗಳೇ, ನೀವು ನಮ್ಮ ಅತ್ತಿವೇರಿಯ ಹಕ್ಕಿಗಳ ವಿಡಿಯೋ ಹಾಕುತ್ತೀರಿ, ಸಂತೋಷ. ಆದರೆ ಜಲಾಶಯದ ಅಲೆ, ಗಾಳಿಗೆ ಆಡುವ ಎಲೆ, ಇವೆರಡೂ ಪ್ರತಿ ಕ್ಷಣ ಬದಲಾಗುವುದರಿಂದ ಹಿಂಡುವಾಗ ಇವುಗಳಿಗೇ ಬಹುಪಾಲು ಹೋಗುತ್ತದೆ. ಫೋನನ್ನು ಆಚೀಚೆ ತಿರುಗಿಸಿದರಂತೂ ಹಕ್ಕಿಯೇ ಇರುವುದಿಲ್ಲ. ಫೋನನ್ನು ಕಂಬಕ್ಕೆ ಆನಿಸಿ, ಹಕ್ಕಿ ಚೌಕಟ್ಟಿನೊಳಗೆ ಬರುವತನಕ ಕಾಯಿರಿ. ಬೆಳ್ಳಕ್ಕಿ ಸುಣ್ಣದ ಮುದ್ದೆಯಂತೆ ಕಂಡರೆ ಪರದೆಯಲ್ಲಿ ಅದನ್ನೇ ಮುಟ್ಟಿ ಬೆಳಕು ತಗ್ಗಿಸಿ, ರೆಕ್ಕೆಯ ಗೆರೆ ಕಾಣುತ್ತದೆ. ಚಿತ್ರದ ಆಸೆಗೆ ಗೂಡಿನ ಹತ್ತಿರ ಮಾತ್ರ ಹೋಗಬೇಡಿ.

ಹೊರಗೆ ವರಾಂಡದ ಮೇಜಿನ ಮೇಲೆ ಎರಡು ಮೊಬೈಲ್ ಇಟ್ಟಿದ್ದೇನೆ. ಒಂದರಲ್ಲಿ 2020ರ ನನ್ನ ಆ ಪಾಠ, ಇನ್ನೊಂದರಲ್ಲಿ ಅದೇ ಪಾಠವನ್ನು ಅದೇ ಫೋನಿನಲ್ಲಿ ಕಿಟಕಿಯ ಪಕ್ಕ ಕೂತು ಮತ್ತೆ ಮಾಡಿದ್ದು. ಚಹಾ ಕುಡಿಯುತ್ತ ಎರಡನ್ನೂ ನೋಡಿ, ಪೇ ಅಕ್ಷರದ ಚುಕ್ಕೆಗಳನ್ನು ಎಣಿಸಿ ಹೋಗಿ.